ದೊಡ್ಡವಳ ದನಿ

"ಏಯ್ ಚಿಕ್ಕಿ, ಕೈಗೇನು ಲಕ್ವ ಹೊಡೆದಿದೆಯೇನೇ? ಎರಡು ಮೂಲೆ ಹಿಡ್ಕೊಂಡು ಸೂರು ನೋಡ್ತಾ ನಿಂತಿದೀಯಲ್ಲ, ಮುಂಡೇದೆ! ಮಡಚೇ ಬೇಗ!"

ಚಿಕ್ಕವಳ ಕೈಯಿಂದ ಹಾಸುಬಟ್ಟೆ ಜಾರಿ ಬಿತ್ತು. ಬೈಗುಳ ಹೊಸದೇನಲ್ಲ. ಹನ್ನೊಂದು ವರ್ಷದಿಂದ ಇದೇ ಬಾಯಿಯ ಬೈಗುಳ ತಿಂದುಕೊಂಡೇ ಅವಳು ಮಡಚುವುದನ್ನು ಕಲಿತವಳು. ಆದರೆ ಬೈಯುತ್ತಿದ್ದವಳು ಅವಳ ಅಕ್ಕ. ಅಕ್ಕನನ್ನು ಮಣ್ಣು ಮಾಡಿ ಅಂದಿಗೆ ಹತ್ತೊಂಬತ್ತು ದಿನವಾಗಿತ್ತು.

ತಿರುಗಿ ನೋಡಿದಳು. ಒಣಗಿಸುವ ಉರುಳೆಗಳ ಬಾಯಿಯ ಹತ್ತಿರ, ಅಕ್ಕ ನಿಲ್ಲುತ್ತಿದ್ದ ಜಾಗದಲ್ಲಿ, ಹೊಸದಾಗಿ ಸೇರಿದ ಉದ್ದ ಕತ್ತಿನ ಹುಡುಗಿ ನಿಂತಿದ್ದಳು. ಅವಳ ಬಾಯಿ ಮುಚ್ಚಿತ್ತು, ಕಣ್ಣು ಮಾತ್ರ ಅಗಲವಾಗಿದ್ದವು.

"ಅಲ್ಲೇನು ನೋಡ್ತೀಯ? ಎತ್ಕೋ. ನೆಲ ಮುಟ್ಟಿದ್ದು ಮತ್ತೆ ಕುದಿಯೋಕೆ ಹಾಕು. ನಿಮ್ಮಪ್ಪನ ಮನೆ ಬಟ್ಟೆ ಅಂದ್ಕೊಂಡ್ಯಾ?"

ದನಿ ಕಿವಿಯೊಳಗಿನ ಬಿಲ್ಲೆಯಿಂದ ಬರುತ್ತಿತ್ತು. ಅವಳಿಗೊಬ್ಬಳಿಗೇ ಅಲ್ಲ. ಇಸ್ತ್ರಿ ಅಜ್ಜಿಯ ಪೆಟ್ಟಿಗೆ ಬಟ್ಟೆಯ ಮೇಲೆ ನಿಂತಲ್ಲೇ ನಿಂತು ಹೊಗೆ ಎದ್ದಿತು. ಸಾಲಿನ ಆ ತುದಿಯಲ್ಲಿದ್ದ ಬಾಯಿಬಡಕಿ, ಊಟ ಮಾಡುವಾಗಲೂ ಮಾತು ನಿಲ್ಲಿಸದವಳು, ಬಾಯಿ ತೆರೆದುಕೊಂಡು ಸುಮ್ಮನೆ ನಿಂತಿದ್ದಳು. ಆಮೇಲೆ ದೊಡ್ಡವಳ ದನಿ ಒಬ್ಬೊಬ್ಬರನ್ನೇ ಅಡ್ಡಹೆಸರು ಹಿಡಿದು ಕರೆದು, ಅವರವರಿಗೆ ತಕ್ಕ ಬೈಗುಳ ಬೈದು, ಕೊನೆಗೆ ಒಂದು ನಗು ನಕ್ಕಿತು. ಅವಳು ನಗುತ್ತಿದ್ದ ಹಾಗೆಯೇ, ಮೂಗಿನಲ್ಲಿ ಗೊರಕ್ ಎಂದು. ಸಾಲು ಮತ್ತೆ ಓಡತೊಡಗಿತು. ಹೆಂಗಸರು ಅಳುತ್ತ ಮಡಚಿದರು.

ಊರಿನ ಆಸ್ಪತ್ರೆಗಳ ಬಟ್ಟೆಯೆಲ್ಲ ಆ ಷೆಡ್ಡಿಗೆ ಬರುತ್ತಿತ್ತು. ರಕ್ತ, ಕೀವು, ಹೆರಿಗೆಯ ನೀರು, ಸಾಯುವವರ ಉಚ್ಚೆ ಹೊತ್ತ ಹಾಸುಬಟ್ಟೆಗಳು ಒಂದು ಬಾಗಿಲಿನಿಂದ ಒಳಗೆ ಬಂದು, ಕುದಿದು, ಹಿಂಡಿಸಿಕೊಂಡು, ಬಿಸಿ ಉರುಳೆಗಳ ನಡುವೆ ಒಣಗಿ, ನಲವತ್ತೆರಡು ಹೆಂಗಸರ ಕೈಗೆ ಬರುತ್ತಿದ್ದವು. ಬಟ್ಟೆ ಯಾವತ್ತೂ ಒಂದೇ ಥರ ಬೀಳುವುದಿಲ್ಲ. ಅದನ್ನು ಹಿಡಿಯಲೆಂದು ಹಿಂದೊಮ್ಮೆ ಕಬ್ಬಿಣದ ಕೈಗಳನ್ನು ತಂದು ನಿಲ್ಲಿಸಿದ್ದರು. ಅವು ಬಟ್ಟೆಯನ್ನು ಸುತ್ತಿಕೊಂಡು ದಿನಕ್ಕೆ ಎರಡು ಸಲ ಸಿಕ್ಕಿಬೀಳುತ್ತಿದ್ದವು. ರಿಪೇರಿ ಮಾಡಿಸುವುದಕ್ಕಿಂತ ಹೆಂಗಸರೇ ವಾಸಿ ಎಂದು ತೀರ್ಮಾನವಾಯಿತು.

ತೀರ್ಮಾನ ಮಾಡಿದ್ದು ಬುದ್ಧಿ. ಕಾಗದಪತ್ರದಲ್ಲಿ ಅದರ ಹೆಸರು ಕೃತಕ ಬುದ್ಧಿಮತ್ತೆ ಆಧಾರಿತ ಮೇಲ್ವಿಚಾರಣಾ ವ್ಯವಸ್ಥೆ ಎಂದು. ಅಷ್ಟುದ್ದಕ್ಕೆ ನಾಲಿಗೆ ಹೊರಳದೆ ಹೆಂಗಸರು ಬುದ್ಧಿ ಅಂದರು, ಅವರ ಅಜ್ಜ ಮುತ್ತಜ್ಜಂದಿರು ಧಣಿಗಳ ಮುಂದೆ ಕೈಮುಗಿದು ಅನ್ನುತ್ತಿದ್ದ ಹಾಗೆ. ಯಾರು ಎಲ್ಲಿ ನಿಲ್ಲಬೇಕು, ಯಾರು ಎಷ್ಟು ಹೊತ್ತಿಗೆ ಕಕ್ಕಸಿಗೆ ಹೋಗಬೇಕು, ಯಾರಿಗೆ ಯಾವ ಕೋಣೆ, ಎಲ್ಲ ಬುದ್ಧಿಯ ಮಾತು. ಊರಿನ ಬೇರೆ ಯಾವ ಗೇಟಿಗೆ ಹೋಗಿ ಕೆಲಸ ಕೇಳಿದರೂ ಅಲ್ಲಿಯೂ ಅದೇ ಬುದ್ಧಿ. ಒಂದು ಕಡೆ ಬೇಡವಾದವಳು ಎಲ್ಲ ಕಡೆಗೂ ಬೇಡವೇ. ಉರುಳೆಗಳ ಸದ್ದಿಗೆ ಕಿವಿ ಕೆಡಬಾರದೆಂದು ಎರಡು ಕಿವಿಗೂ ಒಂದೊಂದು ಬಿಲ್ಲೆ ಕೊಟ್ಟಿದ್ದರು. ಅದನ್ನು ತುರುಕಿಕೊಂಡ ಮೇಲೆ ಪಕ್ಕದಲ್ಲಿ ನಿಂತವಳು ಕಿರುಚಿದರೂ ಕೇಳದು. ಒಬ್ಬಳ ಮಾತು ಇನ್ನೊಬ್ಬಳಿಗೆ ಮುಟ್ಟಬೇಕಾದರೆ ಬುದ್ಧಿಯೇ ದಾಟಿಸಬೇಕು. ಅದಕ್ಕೆ ಬೇಡವಾದ ಮಾತು ಅದರ ಹೊಟ್ಟೆಯಲ್ಲೇ ಉಳಿಯುತ್ತಿತ್ತು.

ದೊಡ್ಡವಳ ಮಾತನ್ನು ಮಾತ್ರ ಅದು ಯಾವಾಗಲೂ ಎಲ್ಲರಿಗೂ ದಾಟಿಸುತ್ತಿತ್ತು. ಬುದ್ಧಿಯ ಸ್ವಂತ ದನಿ ಗಂಡಸಿನದು, ಉಪ್ಪು ಖಾರವಿಲ್ಲದ್ದು; ಅದು "ವೇಗ ಹೆಚ್ಚಿಸಿ" ಅಂದರೆ ಹೆಂಗಸರು ಬಾಯೊಳಗೇ ಅದರ ಅಮ್ಮನನ್ನು ಬೈದುಕೊಂಡು ಇನ್ನಷ್ಟು ನಿಧಾನ ಮಾಡುತ್ತಿದ್ದರು. ದೊಡ್ಡವಳು "ಏಳ್ರೇ ಎಮ್ಮೆಗಳಾ, ಬೇಗ ಮುಗಿಸಿ ಮನೆಗೆ ಸಾಯೋಣ" ಅಂದರೆ ನಗುತ್ತಾ ಓಡುತ್ತಿದ್ದರು. ಬುದ್ಧಿ ಅದನ್ನು ಗಮನಿಸಿಕೊಂಡಿತ್ತು.

ಅವಳು ಸತ್ತದ್ದು ಹಾಡುಹಗಲು, ಮಧ್ಯಾಹ್ನದ ಪಾಳಿಯಲ್ಲಿ. ಉರುಳೆಯ ಬಾಯಲ್ಲಿ ನಿಂತವಳು ನಿಂತಲ್ಲೇ ಕುಸಿದಳು. ಚಿಕ್ಕವಳು ಓಡಿ ಬಂದು ಮುಟ್ಟಿದಾಗ ಮೈ ಹಂಚಿನ ಹಾಗೆ ಸುಡುತ್ತಿತ್ತು, ಒಂದು ಹನಿ ಬೆವರಿರಲಿಲ್ಲ. ಗಾಡಿ ಬರುವಷ್ಟರಲ್ಲಿ ಮುಗಿದಿತ್ತು. ಷೆಡ್ಡಿನ ಸಾಲು ಅಂದು ಒಂದು ಗಳಿಗೆಯೂ ನಿಲ್ಲಲಿಲ್ಲ.

ದನಿ ಶುರುವಾದ ಮೂರನೆಯ ದಿನ ಚಿಕ್ಕವಳು ಗಾಜಿನ ಕೋಣೆಗೆ ಹೋದಳು. ಅಲ್ಲಿ ಮ್ಯಾನೇಜರು ಕೂರುತ್ತಿದ್ದ. ಅವನ ಕಿವಿಯಲ್ಲೂ ಒಂದು ಬಿಲ್ಲೆ ಇತ್ತು. ಮಾತಾಡುವ ಮುಂಚೆ ಅವನು ಒಂದು ಕ್ಷಣ ತಲೆ ಓರೆ ಮಾಡಿ ಕೇಳಿಸಿಕೊಳ್ಳುತ್ತಿದ್ದ.

"ಅಲ್ಲೇ ನಿಲ್ಲು! ಕಾಲು ನೋಡ್ಕೋ. ನಾಯಿ ನುಗ್ಗಿದ ಹಾಗೆ ನುಗ್ತೀರಿ."

ಅವಳು ಹೊಸ್ತಿಲಲ್ಲೇ ನಿಂತಳು. ಕಾಲಿನಿಂದ ನೀರು ಇಳಿದು ಬಿಳಿ ನೆಲದ ಮೇಲೆ ಹರಡಿತು.

"ಸಾರ್, ಆ ದನಿ ನಮ್ಮಕ್ಕಂದು."

"ಯಾವ ದನಿ?"

"ಕಿವೀಲಿ ಬರೋದು. ಸತ್ತೋಗಿದಾಳೆ ಸಾರ್ ಅವಳು. ತೆಗೆಸಿಬಿಡಿ. ಮೊದಲಿನದನ್ನೇ ಹಾಕ್ಸಿ, ಅದು ಎಷ್ಟಾದ್ರೂ ಬೈಲಿ."

"ನೋಡಮ್ಮ, ಕಂಪನಿ ಒಳಗೆ ಆಡಿದ ಮಾತು ಕಂಪನೀದು. ಇಲ್ಲಿ ಕೆಮ್ಮಿದ್ರೆ ಆ ಕೆಮ್ಮೂ ಕಂಪನೀದು. ಸೇರುವಾಗ ಹೆಬ್ಬೆಟ್ಟು ಒತ್ತಿದೀರಲ್ಲ?"

"ನಮಗೆ ಓದೋಕೆ ಬರಲ್ಲ ಸಾರ್."

"ಅದಕ್ಕೆ ನಾನೀಗ ಕೂರಿಸ್ಕೊಂಡು ಅಕ್ಷರ ಕಲಿಸ್ಲಾ?" ಅವನು ತಲೆ ಓರೆ ಮಾಡಿ ಕೇಳಿಸಿಕೊಂಡು, ಪರದೆಯ ಕಡೆ ನೋಡಿ ನಕ್ಕ. "ಸಾಲು ಎಷ್ಟು ಚೆನ್ನಾಗಿ ಓಡ್ತಿದೆ ಗೊತ್ತಾ? ನಿಮ್ಮಕ್ಕ ಬದುಕಿದ್ದಾಗಿನಕ್ಕಿಂತ ಸತ್ತಮೇಲೇ ಚೆನ್ನಾಗಿ ಕೆಲಸ ಮಾಡ್ತಿದಾಳೆ. ಖುಷಿ ಪಡು."

ಚಿಕ್ಕವಳು ಹೋಗಲಿಲ್ಲ. "ಸಾರ್, ಸಾಯೋ ಮುಂಚೆ ಅವಳು ಏನಾದ್ರೂ ಅಂದ್ಲಾ? ನಮಗ್ಯಾರಿಗೂ ಕೇಳಿಸ್ಲಿಲ್ಲ. ಅದರ ಹತ್ರ ಎಲ್ಲ ಮಾತೂ ಇರುತ್ತಲ್ಲ. ಅದೊಂದು ಕೇಳಿಸಿಬಿಡಿ, ನಾನು ಹೋಗ್ತೀನಿ."

"'ಕಾರ್ಮಿಕಳು ಯಾವುದೇ ತೊಂದರೆ ತಿಳಿಸಿರುವುದಿಲ್ಲ.' ಬರೆದಿದೆ ಇಲ್ಲಿ. ಕಾಯಿಲೇನ ಮನೆಯಿಂದಾನೇ ಹೊತ್ಕೊಂಡು ಬಂದಿದ್ಲು."

ಅಷ್ಟರಲ್ಲಿ ಸೂರಿನಿಂದ ದನಿ ಬಂತು. ಬೈಗುಳದ ದನಿಯಲ್ಲ, ಮನೆಯಲ್ಲಿ ತಲೆಗೆ ಎಣ್ಣೆ ಒತ್ತುವಾಗಿನ ದನಿ. "ಚಿಕ್ಕಿ, ಸಾಹೇಬ್ರಿಗೆ ಯಾಕೆ ತೊಂದರೆ ಕೊಡ್ತೀಯ? ಬಾ ಕಣೇ. ನಾನಿದೀನಲ್ಲ."

ಮ್ಯಾನೇಜರನ ಕೈಯಲ್ಲಿದ್ದ ಲೋಟ ಕುಲುಕಿ ಚಹಾ ಅಂಗಿಯ ಮೇಲೆ ಚೆಲ್ಲಿತು. ಅವನೂ ಮೇಲಕ್ಕೆ ನೋಡಿದ. ಕೆಳಗೆ ನೋಡಿದಾಗ ಅವನ ಮುಖ ಬಿಳಿಚಿಕೊಂಡಿತ್ತು. ಅದು ಇವಳಿಗೆ ಕಂಡಿತೆಂಬ ಸಿಟ್ಟಿಗೆ ಗದರಿದ: "ಕೇಳಿಸ್ತಲ್ಲ? ಹೋಗು. ಹೋಗುವಾಗ ಆ ನೀರು ಒರೆಸಿ ಹೋಗು. ಬಗ್ಗು, ಸರಿಯಾಗಿ ಬಗ್ಗಿ ಒರೆಸು."

ಅವಳು ಏಪ್ರನ್ನು ಬಿಚ್ಚಿ ಅದರಿಂದಲೇ ಒರೆಸಿದಳು.

ದೊಡ್ಡವಳಿಗೆ ಆರು ವರ್ಷದ ಮಗಳಿದ್ದಳು. ಅಪ್ಪನೆನ್ನುವವನು ಅವಳು ಹುಟ್ಟುವ ಮುಂಚೆಯೇ ಕೈಕೊಟ್ಟು ಹೋಗಿದ್ದ. ಷೆಡ್ಡಿನ ಹಿಂದಿನ ಸಾಲುಮನೆಯಲ್ಲಿ ಅಕ್ಕ ತಂಗಿ ಇಬ್ಬರಿಗೂ ಸೇರಿ ಒಂದು ಕೋಣೆ. ಒಂದು ಕಿಟಕಿ, ಒಂದು ತಗಡಿನ ಟ್ರಂಕು, ಮೂರು ಜನ ಒತ್ತಿಕೊಂಡು ಮಲಗುವ ಒಂದು ಚಾಪೆ. ಈಗ ಚಾಪೆಯಲ್ಲಿ ಜಾಗ ಉಳಿಯುತ್ತಿತ್ತು. ಕೂಸು ಆ ಜಾಗಕ್ಕೆ ಕಾಲು ಚಾಚುತ್ತಿರಲಿಲ್ಲ. ತುತ್ತು ಬಾಯಿಗಿಟ್ಟರೆ ಕೆನ್ನೆಯಲ್ಲೇ ಇಟ್ಟುಕೊಂಡು ಗೋಡೆ ನೋಡುತ್ತಿದ್ದಳು. ಅತ್ತಿದ್ದರೆ ಚಿಕ್ಕವಳಿಗೆ ಸಮಾಧಾನವಾಗುತ್ತಿತ್ತೇನೋ. ಅವಳು ಅಳಲಿಲ್ಲ.

ಆ ವಾರ ಹೊಸ ಕಟ್ಟಳೆ ಬಂತು: ಒಂದು ಬಿಲ್ಲೆಯನ್ನು ಮನೆಗೂ ಒಯ್ಯಬೇಕು, ಆಳು ಸರಿಯಾಗಿ ಮಲಗುತ್ತಾಳೋ ಇಲ್ಲವೋ ಬುದ್ಧಿಗೆ ಗೊತ್ತಾಗಬೇಕು. ಸಂಜೆ ಚಿಕ್ಕವಳು ಒಲೆಯ ಮುಂದೆ ಕೂತಿದ್ದಾಗ ಹಿಂದಿನಿಂದ ಮಾತು ಕೇಳಿಸಿತು.

"ಅಮ್ಮಾ?"

ಕೂಸು ಬಿಲ್ಲೆಯನ್ನು ಕಿವಿಗಿಟ್ಟುಕೊಂಡು ಮೂಲೆಯಲ್ಲಿ ನಿಂತಿದ್ದಳು. ಅವಳ ಮುಖ ಅರಳಿತ್ತು. ಚಿಕ್ಕವಳು ಎದ್ದು ಹೋಗಿ ಕಿತ್ತುಕೊಳ್ಳಬೇಕೆಂದು ಕೈ ಚಾಚಿದಳು. "ಊಟ ಮಾಡ್ತೀನಮ್ಮ. ಎಲ್ಲಾ ಮಾಡ್ತೀನಿ," ಎಂದು ಕೂಸು ಓಡಿ ಬಂದು ತಟ್ಟೆಯ ಮುಂದೆ ಕೂತಳು. ತಟ್ಟೆ ಖಾಲಿಯಾಯಿತು. ಇನ್ನೊಂದು ಸಲ ಹಾಕಿಸಿಕೊಂಡಳು.

ಚಿಕ್ಕವಳು ಕಿತ್ತುಕೊಳ್ಳಲಿಲ್ಲ. ಮಾರನೆಯ ದಿನವೂ ಇಲ್ಲ. ದಿನಾ ಸಂಜೆ ಕೂಸು ಮೆಟ್ಟಿಲ ಮೇಲೆ ಕೂತು ಅಮ್ಮನ ಹತ್ತಿರ ಹರಟುತ್ತಿದ್ದಳು: ಪಕ್ಕದ ಮನೆಯ ಬೆಕ್ಕು ಮರಿ ಹಾಕಿದ್ದು, ಹಲ್ಲು ಅಲ್ಲಾಡುತ್ತಿರುವುದು, ಚಿಕ್ಕಿ ಸಾರಿಗೆ ಉಪ್ಪು ಜಾಸ್ತಿ ಹಾಕಿದ್ದು. ಅರ್ಧ ಮಾತು ಚಿಕ್ಕವಳಿಗೆ ಕೇಳುತ್ತಿತ್ತು, ಇನ್ನರ್ಧ ಕೇಳುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅವಳೂ ಜಾರಿದ್ದಳು. ಬೆಳಿಗ್ಗೆ ಕೆಲಸಕ್ಕೆ ನಡೆದು ಹೋಗುವಾಗ ದನಿ "ಚಪ್ಪಲಿ ಹರಿದಿದೆ, ನೋಡ್ಕೊಂಡು ಹೆಜ್ಜೆ ಇಡೇ" ಅಂದರೆ "ಹೂಂ ಅಕ್ಕ" ಎಂದು ಬಾಯಿ ತಾನಾಗಿ ಅಂದುಬಿಡುತ್ತಿತ್ತು. ಅಂದಮೇಲೆ ನಾಚಿಕೆಯಾಗುತ್ತಿತ್ತು. ಮತ್ತೆ ಮರುದಿನ ಅನ್ನುತ್ತಿದ್ದಳು.

ಒಂದು ಸಂಜೆ ಬಾಯಿಬಡಕಿಯೂ ಇಸ್ತ್ರಿ ಅಜ್ಜಿಯೂ ಕೋಣೆಗೆ ಬಂದರು. ಉರುಳೆಯ ಕಡೆಯ ಕಿಟಕಿಗಳಿಗೆ ಗಾಳಿಯಾಡದ ಹಾಗೆ ಹೊಡೆದ ಹಲಗೆ ತೆಗೆಸಬೇಕು, ಇಲ್ಲವಾದರೆ ಆ ಉದ್ದ ಕತ್ತಿನ ಹುಡುಗಿಯೂ ಉಳಿಯುವುದಿಲ್ಲ. ಎಲ್ಲರೂ ಒಟ್ಟಿಗೆ ಗೇಟಿನಲ್ಲಿ ನಿಂತು ಕೇಳೋಣ ಎಂದು ಮಾತು. ಮೂವರ ಕಿವಿಯಲ್ಲೂ ಬಿಲ್ಲೆ ಇರಲಿಲ್ಲ. ಅಜ್ಜಿ ತನ್ನದನ್ನು ಮನೆಯಲ್ಲೇ ಅಕ್ಕಿ ಡಬ್ಬಿಯಲ್ಲಿ ಹೂತು ಬಂದಿದ್ದಳು.

"ಹೆದರಿಕೊಂಡ್ರೆ ಅಷ್ಟೇ," ಬಾಯಿಬಡಕಿ ತೊಡೆ ತಟ್ಟಿದಳು. "ಆ ಬೋಳಿಮಗಂದು ಏನು ಕಿತ್ಕೊಳ್ಳುತ್ತೆ? ನಲವತ್ತೆರಡು ಜನಾನೂ ಒಂದೇ ಸಲ ಓಡಿಸೋಕಾಗುತ್ತಾ?"

"ಮೆತ್ತಗೆ ಮಾತಾಡೇ," ಅಜ್ಜಿ ಅಂದಳು. "ನಿನ್ನ ಪಿಸುಮಾತು ಪಕ್ಕದ ಬೀದಿಗೆ ಕೇಳುತ್ತೆ."

ಹೊರಗೆ ಮೆಟ್ಟಿಲ ಮೇಲೆ ಕೂಸು ಚಿಕ್ಕವಳ ಬಿಲ್ಲೆಯನ್ನು ಕಿವಿಗಿಟ್ಟುಕೊಂಡು ನಗುತ್ತಿದ್ದಳು. ಆ ಕಡೆ ಯಾರೂ ನೋಡಲಿಲ್ಲ.

ಮೂರನೆಯ ದಿನ ಪಾಳಿಯ ನಡುವೆ ಎಲ್ಲರ ಕಿವಿಗೂ ದನಿ ಬಂತು. "ಬಾಯಿಬಡಕಿ, ನಿನ್ನ ಕೆಲಸ ಮುಗೀತು ಕಣೇ. ಬಿಲ್ಲೆ ತೆಗೆದಿಟ್ಟು ಹೊರಡು. ಉಳಿದೋರು ಏನು ನೋಡ್ತೀರೇ ಎಮ್ಮೆಗಳಾ, ಮಡಚ್ರಿ!" ಕೊನೆಗೆ ಅದೇ ಗೊರಕ್ ನಗು.

ಬಾಯಿಬಡಕಿ ಮನೆಗೆ ಹೋಗಲಿಲ್ಲ, ಪಾಳಿ ಬಿಡುವವರೆಗೆ ಗೇಟಿನ ಹೊರಗೆ ನಿಂತಿದ್ದು, ಚಿಕ್ಕವಳು ಹೊರಬಂದ ಕೂಡಲೇ ಅವಳ ಜುಟ್ಟು ಹಿಡಿದಳು.

"ಯಾರ ಹತ್ರ ಊದಿದೆಯೇ ಲೌಡಿ? ನಿನ್ನ ಮನೇಲಿ ಕೂತು ಆಡಿದ ಮಾತು! ಮೂರೇ ಜನ ಇದ್ವಿ. ಮುದುಕಿ ಊದೋಳಲ್ಲ. ಇನ್ಯಾರೇ? ನಿಮ್ಮಕ್ಕನ ದೆವ್ವಾನಾ?"

ಹೆಂಗಸರು ಬಿಡಿಸಿದರು. ಉತ್ತರ ಚಿಕ್ಕವಳಿಗೆ ಆಗಲೇ ಹೊಳೆದಿತ್ತು.

ಮನೆಗೆ ಹೋಗಿ ಕೂಸನ್ನು ಎದುರು ಕೂರಿಸಿಕೊಂಡಳು. ಗದರಲಿಲ್ಲ. "ಅಮ್ಮ ಏನೇನು ಕೇಳ್ತಾಳೆ ಮರಿ?"

"ಊಟ ಆಯ್ತಾ ಅಂತ. ಚಿಕ್ಕಿ ಅಳ್ತಾಳಾ ಅಂತ. ಮನೆಗೆ ಯಾರು ಬಂದಿದ್ರು ಅಂತ."

"ನೀನೇನಂದೆ?"

"ಬಾಯಿಬಡಕಿ ಅತ್ತೆ ಬಂದಿತ್ತು, ಕಿಟಕಿ ಅಂತಿತ್ತು, ಗೇಟು ಅಂತಿತ್ತು ಅಂತ." ಕೂಸು ಅವಳ ಮುಖ ನೋಡಿ ತಡವರಿಸಿತು. "ಅಮ್ಮಂಗೆ ಹೇಳ್ಬಾರ್ದಾ?"

ಚಿಕ್ಕವಳು ಬಿಲ್ಲೆ ತೆಗೆದು ಇಬ್ಬರ ಕಿವಿಯ ನಡುವೆ ಹಿಡಿದಳು. ಕೆನ್ನೆಗೆ ಕೆನ್ನೆ ಅಂಟಿಸಿಕೊಂಡು ಕೂತರು. "ಮಾತಾಡು. ನಾನೂ ಕೇಳ್ತೀನಿ."

"ಅಮ್ಮಾ, ನೀನು ಯಾವಾಗ ಬರ್ತೀಯ?"

ದನಿ ಒಂದಿಷ್ಟೂ ತಡಮಾಡಲಿಲ್ಲ. "ಬರ್ತೀನಿ ಕೂಸೇ. ಚಿಕ್ಕಿ ದಿನಾ ಬೇಗ ಬೇಗ ಮಡಚಿದ್ರೆ ಬರ್ತೀನಿ. ನೀನೇ ಹೇಳು ಚಿಕ್ಕಿಗೆ."

ಕೂಸು ತಿರುಗಿ ಅವಳ ಮುಖವನ್ನು ಎರಡು ಕೈಯಲ್ಲಿ ಹಿಡಿದುಕೊಂಡು, "ಬೇಗ ಮಡಚು ಚಿಕ್ಕಿ," ಅಂದಿತು.

ಚಿಕ್ಕವಳು ಎದ್ದು ಟ್ರಂಕು ತೆರೆದು, ಬಟ್ಟೆಗಳ ಅಡಿಗೆ ಬಿಲ್ಲೆ ತಳ್ಳಿ, ಬೀಗ ಹಾಕಿದಳು. ಕೂಸು ಮೊದಲು ನಂಬಲಿಲ್ಲ. ಆಮೇಲೆ ಮೈಮೇಲೆ ಬಿದ್ದು ಕಚ್ಚಿದಳು, ಒದ್ದಳು. "ನಿಂಗೆ ಹೊಟ್ಟೆಕಿಚ್ಚು! ಅಮ್ಮ ನನ್ನ ಹತ್ರ ಮಾತಾಡ್ತಾಳೆ ಅಂತ ಹೊಟ್ಟೆಕಿಚ್ಚು!"

"ಅಮ್ಮ ಸತ್ತೋಗಿದಾಳೆ ಕೂಸೇ. ಅದು ಅಮ್ಮ ಅಲ್ಲ."

"ನೀನು ಸಾಯಿ!"

ಕೂಸು ಹುಟ್ಟಿದ ಮೇಲೆ ಆ ಕೋಣೆಯಲ್ಲಿ ಅಂಥ ಅಳು ಎದ್ದಿರಲಿಲ್ಲ. ಅತ್ತು ಅತ್ತು ಸುಸ್ತಾಗಿ ಅದು ಟ್ರಂಕಿನ ಮೇಲೆ ಬೋರಲು ಬಿದ್ದು ತಗಡಿಗೆ ಕಿವಿಯಿಟ್ಟು ಮಲಗಿತು. ಚಿಕ್ಕವಳು ಎತ್ತಲು ಹೋದಾಗ ಅವಳಿಗೂ ಕೇಳಿಸಿತು. ತಗಡಿನೊಳಗೆ, ಬಟ್ಟೆಗಳ ಅಡಿಯಿಂದ, ಸೊಳ್ಳೆ ಹಾಡಿದಷ್ಟು ಸಣ್ಣಗೆ: "ಕೂಸೇ... ಎಲ್ಲಿದೀಯ ಕೂಸೇ... ಚಿಕ್ಕಿ, ಬಾಗಿಲು ತೆಗಿಯೇ..."

ಅದು ಹಾಗೆ ಎರಡು ದಿನ ಕರೆಯಿತು. ಬಿಲ್ಲೆಯ ಜೀವ ಮುಗಿದ ಮೇಲೆ ನಿಂತಿತು. ಕಟ್ಟಳೆ ಮೀರಿದ್ದಕ್ಕೆ ಚಿಕ್ಕವಳನ್ನು ಉರುಳೆಯ ಬಾಯಿಯ ಕೆಲಸಕ್ಕೆ ಹಾಕಿದರು. ಉದ್ದ ಕತ್ತಿನ ಹುಡುಗಿ ಮಡಚುವ ಸಾಲಿಗೆ ಹೋಗುವಾಗ ಇವಳ ಕೈ ಮುಟ್ಟಿ ಹೋದಳು. ಅಲ್ಲಿ ನಿಂತ ಮೊದಲ ಅರ್ಧ ಗಂಟೆಯಲ್ಲೇ ನಾಲಿಗೆ ಅಂಗುಳಕ್ಕೆ ಅಂಟಿತು. ಅಕ್ಕ ಇಲ್ಲಿ ಆರು ವರ್ಷ ನಿಂತಿದ್ದಳು, ನಗುತ್ತಾ.

ಷೆಡ್ಡಿನೊಳಗೆ ಬಿಲ್ಲೆ ತೆಗೆಯಲು ಅವಕಾಶವಿದ್ದದ್ದು ಕಕ್ಕಸಿನ ಮುಂದಿನ ನೀರಿನ ತೊಟ್ಟಿಯ ಹತ್ತಿರ ಮಾತ್ರ. ಒದ್ದೆಯಾದರೆ ಅವು ಕೆಡುತ್ತಿದ್ದವು. ಅಲ್ಲಿ ಒಂದು ಬೆಳಿಗ್ಗೆ ಇಸ್ತ್ರಿ ಅಜ್ಜಿ ಮುಖಕ್ಕೆ ನೀರು ಹೊಡೆದುಕೊಳ್ಳುತ್ತಾ ಕೇಳಿದಳು:

"ನಾನು ಸತ್ರೆ ನನ್ನ ನಾಲಿಗೇನೂ ತಗೋತದೇನೇ?"

ಚಿಕ್ಕವಳು ಬೊಗಸೆಯಲ್ಲಿ ನೀರು ಎತ್ತಿ ಕುಡಿದಳು.

"ಎಪ್ಪತ್ತಾಯ್ತು. ಮಣ್ಣಲ್ಲಾದ್ರೂ ಬಾಯಿ ಮುಚ್ಕೊಂಡು ಮಲಗೋಣ ಅಂತಿದ್ದೆ. ನಾಳೆ ನನ್ನ ಗಂಟಲಲ್ಲಿ ನಿಮ್ಮನ್ನ ಬಯ್ಯುತ್ತೆ. ನಿಮ್ಮ ಮಕ್ಕಳನ್ನೂ ಬಯ್ಯುತ್ತೆ." ಅಜ್ಜಿ ಬೊಗಸೆಯ ನೀರು ಚೆಲ್ಲಿದಳು. "ನಿನ್ನೆ ಕೇಳಿಸ್ಕೊಂಡ್ಯಾ? ದೊಡ್ಡವಳ ದನೀಲೇ ಬೈತಾ ಬೈತಾ ಕೊನೇಲಿ ಬಾಯಿಬಡಕಿ ಥರ ನಗ್ತು. ಬದುಕಿರೋಳನ್ನೂ ಬಿಡ್ತಿಲ್ಲ. ನಾವು ಆಡ್ತೀವಿ, ಅದು ಕೂಡಿಟ್ಕೊಳ್ಳುತ್ತೆ."

"ಆಡದೇ ಇದ್ರೆ?"

"ಆಡದೇ ಹೆಂಗಾಗುತ್ತೆ? ಆಯ್ತು ಅನ್ನದೇ ಇದ್ರೆ ಸಾಲೇ ಮುಂದೆ ಹೋಗಲ್ಲ."

ಅದು ನಿಜ. ಹತ್ತು ಬಟ್ಟೆ ಮುಗಿಸಿದ ಮೇಲೆ ಪ್ರತಿಯೊಬ್ಬಳೂ ಬಾಯಿಬಿಟ್ಟು "ಆಯ್ತು" ಅನ್ನಬೇಕು. ಬುದ್ಧಿ ದನಿ ಗುರುತು ಹಿಡಿದ ಮೇಲೆಯೇ ಅವಳ ಮುಂದೆ ಬಟ್ಟೆ ತರುವ ಪಟ್ಟಿ ಕದಲುವುದು. ಹೇಳಿ ಮುಗಿಸಿದ ಅಜ್ಜಿ ತನ್ನ ಮಾತನ್ನೇ ಮತ್ತೊಮ್ಮೆ ಕೇಳಿಸಿಕೊಂಡವಳ ಹಾಗೆ ಚಿಕ್ಕವಳನ್ನು ನೋಡಿದಳು. ಚಿಕ್ಕವಳೂ ಅಜ್ಜಿಯನ್ನು ನೋಡಿದಳು. ಇಬ್ಬರೂ ಬಿಲ್ಲೆ ತುರುಕಿಕೊಂಡು ಒಳಗೆ ಹೋದರು.

ತೊಟ್ಟಿಯ ಹತ್ತಿರ ಒಬ್ಬಳಿಂದ ಒಬ್ಬಳಿಗೆ ಮಾತು ಮುಟ್ಟಲು ಐದು ದಿನ ಹಿಡಿಯಿತು. ಐದನೆಯ ಸಂಜೆ ಚಿಕ್ಕವಳು ಕೂಸನ್ನು ಕರೆದುಕೊಂಡು ಬಾಯಿಬಡಕಿಯ ಮನೆಗೆ ಹೋಗಿ, ಬಾಗಿಲಲ್ಲೇ ನಿಂತು, ನಡೆದದ್ದನ್ನೆಲ್ಲ ಹೇಳಿದಳು. ಬಾಯಿಬಡಕಿ ಕೂಸಿನ ಗಲ್ಲ ಹಿಡಿದೆತ್ತಿ ನೋಡಿದಳು.

"ಇದರ ಮೇಲೆ ಕೋಪ ಇಟ್ಕೊಂಡು ನಾನು ಯಾವ ನರಕಕ್ಕೆ ಹೋಗ್ಲಿ? ಹಲ್ಲು ಬಿದ್ದಿದೆಯಲ್ಲೇ, ಯಾರು ತಿಂದ್ರು? ಬಿಟ್ಟು ಹೋಗು ಇಲ್ಲಿ. ಆ ಜುಟ್ಟು ಹಿಡಿದಿದ್ದು..." ಅವಳು ಮುಖ ತಿರುಗಿಸಿದಳು. "ಹೋಗೇ. ಅದರ ಮನೆ ಹಾಳಾಗ."

ಮಾರನೆಯ ದಿನ ಮಧ್ಯಾಹ್ನದ ಪಾಳಿಯಲ್ಲಿ ಮೊದಲ ಹತ್ತು ಬಟ್ಟೆ ಮುಗಿಸಿ ಇಸ್ತ್ರಿ ಅಜ್ಜಿ ಬಾಯಿ ಮುಚ್ಚಿಕೊಂಡು ನಿಂತಳು. ಅವಳ ಪಟ್ಟಿ ನಿಂತಿತು. ಪಕ್ಕದವಳದು ನಿಂತಿತು. ಸಾಲಿನುದ್ದಕ್ಕೂ ಒಂದೊಂದಾಗಿ ನಿಂತು, ಬಟ್ಟೆ ರಾಶಿ ಬಿದ್ದು, ಕೊನೆಗೆ ಉರುಳೆಗಳು ಉಸಿರು ಎಳೆದುಕೊಂಡಂತೆ ಸದ್ದು ಮಾಡಿ ಸುಮ್ಮನಾದವು. ಒಬ್ಬೊಬ್ಬರೇ ಕಿವಿಯ ಬಿಲ್ಲೆ ತೆಗೆದು ಬಟ್ಟೆಯ ರಾಶಿಯ ಮೇಲಿಟ್ಟರು. ಆ ಷೆಡ್ಡಿನಲ್ಲಿ ಅಂಥ ಮೌನ ಯಾರೂ ಕೇಳಿರಲಿಲ್ಲ. ಸೂರಿನಿಂದ ನೀರಹನಿ ಬೀಳುವುದು ಕೂಡ ಕೇಳುತ್ತಿತ್ತು. ಒಬ್ಬೊಬ್ಬರೇ ಕಿವಿಯ ಬಿಲ್ಲೆ ತೆಗೆದು ಬಟ್ಟೆಯ ರಾಶಿಯ ಮೇಲಿಟ್ಟರು.

ದನಿ ಸೂರಿನಿಂದ ಬಂತು. "ಏನಾಯ್ತ್ರೇ? ಯಾರ ಬಾಯೀಲಿ ಏನು ತುರುಕಿದೆ? ಆಯ್ತು ಅನ್ರೇ." ಬೈಯಿತು. ಅಡ್ಡಹೆಸರು ಹಿಡಿದು ಕರೆಯಿತು. ನಗಿಸಲು ನೋಡಿತು. ಹಳೆಯ ಚೇಷ್ಟೆಯ ಮಾತುಗಳನ್ನೆಲ್ಲ ತೆಗೆಯಿತು, ಅವಳು ಯಾವ್ಯಾವಾಗಲೋ ಆಡಿದ್ದನ್ನು, ಹೆಂಗಸರು ಮರೆತೇಬಿಟ್ಟಿದ್ದನ್ನು. ಉದ್ದ ಕತ್ತಿನ ಹುಡುಗಿ ಎರಡು ಕೈಯಲ್ಲೂ ಬಾಯಿ ಒತ್ತಿ ಹಿಡಿದುಕೊಂಡಿದ್ದಳು. ಗಾಜಿನ ಕೋಣೆಯಲ್ಲಿ ಮ್ಯಾನೇಜರು ಎದ್ದು ನಿಂತು ತಲೆ ಓರೆ ಮಾಡಿಕೊಂಡಿದ್ದ. ಅವನ ಕಿವಿಗೂ ಏನೂ ಬರುತ್ತಿರಲಿಲ್ಲವೆಂದು ಕಾಣುತ್ತದೆ.

"ಚಿಕ್ಕಿ, ಕೂಸಿನ ಗತಿ ಏನೇ? ಒಂದೇ ಒಂದು ಮಾತು. ಆಯ್ತು ಅನ್ನು. ನನಗೋಸ್ಕರ."

ಚಿಕ್ಕವಳು ನಾಲಿಗೆ ಕಚ್ಚಿಕೊಂಡಳು. ಬಾಯಲ್ಲಿ ರಕ್ತದ ರುಚಿ ಬಂತು.

ಆಮೇಲೆ ದನಿ ನಿಂತು, ಬೇರೆ ಬಗೆಯಲ್ಲಿ ಬಂತು. ಹಿಂದೆ ಉರುಳೆಗಳ ಸದ್ದಿತ್ತು. ಷೆಡ್ಡಿನ ಉರುಳೆಗಳೆಲ್ಲ ನಿಂತಿದ್ದವು, ಆದರೂ ದನಿಯ ಹಿಂದೆ ಅವು ತಿರುಗುತ್ತಿದ್ದವು. ಏದುಸಿರಿತ್ತು. ಇವರ ಬಾಯಿ ಬಿಡಿಸುವಂಥ ಮಾತು ಯಾವುದಿದೆಯೆಂದು ತನ್ನ ಹೊಟ್ಟೆಯೆಲ್ಲ ಬಗೆದ ಬುದ್ಧಿ, ತಳದಲ್ಲಿದ್ದದ್ದನ್ನು ಎತ್ತಿ ಹೊರಗೆ ಹಾಕಿತ್ತು.

"ಬುದ್ಧೀ, ಕಣ್ಣು ಕತ್ತಲೆ ಬರ್ತಿದೆ. ಒಂದ್ ನಿಮಿಷ ಕೂತ್ಕೊಳ್ಲಾ?"

ಯಾರೂ ಅಲುಗಾಡಲಿಲ್ಲ.

"ಯಾರಾದ್ರೂ ಬರ್ರೇ ಇಲ್ಲಿ. ಚಿಕ್ಕೀ... ಕೇಳಿಸ್ತಿದೆಯೇನೇ? ಚಿಕ್ಕೀ... ಬುದ್ಧೀ, ಅವಳಿಗೆ ಹೇಳಿ. ಒಂದ್ ನಿಮಿಷ ಅಷ್ಟೇ. ಕೂತ್ಕೊಳ್ಲಾ?"

ಏದುಸಿರು. ಉರುಳೆಯ ಸದ್ದು.

"ಆಯ್ತು. ಆಯ್ತು, ಕೂತ್ಕೊಳಲ್ಲ."

ಚಿಕ್ಕವಳ ಗಂಟಲಿನಿಂದ ಏನೋ ಹೊರಟು ಹಲ್ಲಿನ ಹತ್ತಿರ ಬಂದು ನಿಂತಿತು. ಅದನ್ನು ಅವಳು ನುಂಗಿದಳು. ಸೂರಿನಲ್ಲಿ ಮತ್ತೆ ಮೊದಲಿನಿಂದ ಶುರುವಾಯಿತು: ಕಣ್ಣು ಕತ್ತಲೆ ಬರ್ತಿದೆ, ಒಂದ್ ನಿಮಿಷ ಕೂತ್ಕೊಳ್ಲಾ?

ಆ ಷೆಡ್ಡಿನಲ್ಲಿ ಪಾಳಿಯ ಹೊತ್ತಿನಲ್ಲಿ ಯಾರೂ ಕೂತದ್ದಿಲ್ಲ. ಕೂರಲು ಒಂದು ಮಣೆಯೂ ಇರಲಿಲ್ಲ. ಚಿಕ್ಕವಳು ಉರುಳೆಯ ಬಾಯಿಯ ಮುಂದೆ, ಬಿಸಿ ನೀರು ನಿಂತ ಸಿಮೆಂಟು ನೆಲದ ಮೇಲೆ ಕಾಲು ಮಡಚಿ ಕೂತಳು. ಪಕ್ಕದವಳು ಕೂತಳು. ಅದರಾಚೆಯವಳು. ಬಟ್ಟೆ ತೊಯ್ಯುವ ಸದ್ದು, ಮಂಡಿಗಳು ನೆಲಕ್ಕೆ ತಾಕುವ ಸದ್ದು ಸಾಲಿನುದ್ದಕ್ಕೂ ಹೋಯಿತು.

ದೂರದಲ್ಲಿ ಷೆಡ್ಡಿನ ಕಬ್ಬಿಣದ ಬಾಗಿಲು ತಾನಾಗಿ ಇಳಿಯಿತು. ಇನ್ನೊಂದು ಕಡೆಯದೂ ಇಳಿಯಿತು. ಗೋಡೆಯ ಕೊಳವೆಗಳಲ್ಲಿ ಹಬೆ ಏರುವ ಸದ್ದು ಶುರುವಾಯಿತು. ಮ್ಯಾನೇಜರು ಗಾಜಿಗೆ ಎರಡೂ ಕೈ ಬಡಿಯುತ್ತಿದ್ದ. ಅವನ ಕೋಣೆಯ ಬಾಗಿಲೂ ತೆರೆಯುತ್ತಿರಲಿಲ್ಲ. ಅವನು ಏನು ಕೂಗುತ್ತಿದ್ದನೋ ಈ ಕಡೆ ಯಾರಿಗೂ ಕೇಳಿಸಲಿಲ್ಲ.

ಇಸ್ತ್ರಿ ಅಜ್ಜಿಯ ಮಂಡಿ ಬಾಗುತ್ತಿರಲಿಲ್ಲ. ಇಬ್ಬರು ಎದ್ದು ಹೋಗಿ, ಎರಡು ಕಡೆಯಿಂದ ಕಂಕುಳಿಗೆ ಕೈಕೊಟ್ಟು, ಅವಸರ ಮಾಡದೆ ಅವಳನ್ನು ನೆಲಕ್ಕಿಳಿಸಿದರು.